ಅಕ್ಕೋರ ರಂಗೋಲಿ, ನನ್ನ ಮರಾಠಿ

ನನ್ನ ತಲೆಯ ಹಿಂಭಾಗ ಇಷ್ಟು ಬೋಳಾಗಿದೆ ಎಂದು ನನಗೆ ಗೊತ್ತಾದದ್ದು ಹೋದ ತಿಂಗಳು, ಒಂದು ಚಿತ್ರ ಪ್ರದರ್ಶನದಲ್ಲಿ.

ಪ್ರದರ್ಶನಗಳಿಗೆ ಹೋಗುವ ಮನುಷ್ಯ ನಾನಲ್ಲ. ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ, ಬೀಗ ಬಿದ್ದಿದೆಯೇ ಎಂದು ನಾಲ್ಕು ಸಲ ನೋಡುವಷ್ಟರಲ್ಲಿ ನನ್ನ ಅರ್ಧ ಉತ್ಸಾಹ ಬಾಗಿಲಲ್ಲೇ ಉಳಿದಿರುತ್ತದೆ. ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಯಾರಿಗೆ ಯಾವ ಅನಾಹುತ ಆದೀತು ಎಂದು ಮೊದಲೇ ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ; ಉಳಿದ ಹೊತ್ತಿನಲ್ಲಿ ಅದೇ ಕೆಲಸವನ್ನು ನಾನು ಪುಕ್ಕಟೆ ಮಾಡುತ್ತೇನೆ. ಆದರೆ ಬೀದಿಯಲ್ಲಿ ಬಿಡಿಸಿದ ಅಣಕು ಚಿತ್ರಗಳ ಪ್ರದರ್ಶನವೊಂದು ಇದೆಯೆಂದು ಪೇಪರಿನಲ್ಲಿ ಓದಿದ ನನ್ನ ಹೆಂಡತಿ ಬಿಡಲಿಲ್ಲ.

“ಇಲ್ಲೇ ನಮ್ಮ ಪೇಠೇದಾಗ ಅದ. ನಡಕೋತ ಹೋಗೂಣು. ಗಾಡಿ ಎಲ್ಲೆ ನಿಲ್ಲಸೂದು ಅನ್ನೂ ಚಿಂತಿ ಇಲ್ಲ ನಿಮಗ.”

“ಹಂಗಾದ್ರ ರಸ್ತಾ ದಾಟೂ ಚಿಂತಿ ಮಾಡ್ತೀನಿ,” ಅಂದೆ. ಹೋದೆವು.

ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಪಡಸಾಲೆಯಲ್ಲಿ ಚಿತ್ರಗಳನ್ನು ತೂಗು ಹಾಕಿದ್ದರು. ಫುಟ್‌ಪಾತಿನ ತುಂಬ ನಿಂತ ಸ್ಕೂಟರುಗಳನ್ನು ಹಗ್ಗ ಕಟ್ಟಿಕೊಂಡು ಏರುತ್ತಿರುವ ಅಜ್ಜ. ಸಿಗ್ನಲ್ಲಿನ ಕೆಂಪು ದೀಪಕ್ಕೆ ಕೈಮುಗಿದು ಮುಂದೆ ಹೋಗುತ್ತಿರುವ ಬೈಕಿನವನು. ಎಲ್ಲವೂ ಯಾವುದೋ ಗೋಡೆ, ಯಾವುದೋ ಕಂಬದ ಮೇಲೆ ಬಿಡಿಸಿದವುಗಳ ಫೋಟೋ. ಹಿಂದಿನ ಗೋಡೆಯಲ್ಲಿ ನಾಲ್ಕು ದೊಡ್ಡ ಫೋಟೋಗಳಿದ್ದವು. ಎತ್ತರದ ಕಿಟಕಿಯಿಂದ ಕೆಳಗೆ ನೋಡಿ ತೆಗೆದವು, ನಾಲ್ಕೂ ರಸ್ತೆಯ ಮೇಲಿನ ರಂಗೋಲಿಗಳು. ಕೊನೆಯದರಲ್ಲಿ ರಂಗೋಲಿಯ ಪಕ್ಕ ಮೂವರು ನಿಂತಿದ್ದರು. ಇಬ್ಬರು ತರುಣರು. ಮೂರನೆಯವನು ಬೆನ್ನು ಮಾಡಿ, ಬಲಗೈ ಮೇಲೆತ್ತಿ ಬೆರಳು ತೋರಿಸುತ್ತಿದ್ದ.

“ಏನ್ರಿ, ಈ ಬೊಕ್ಕತಲಿ ನಿಮ್ಮದಲ್ಲೇನು?” ಅಂದಳು ಹೆಂಡತಿ.

“ಪುಣೇದಾಗ ನಂದೊಂದ ಬೊಕ್ಕತಲಿ ಅದ ಏನು?”

“ತಲಿ ಬಿಡ್ರಿ. ಆ ಚೌಕಡಿ ಅಂಗಿ ನಾನ ಆರಿಸಿ ತಂದದ್ದು.” ಆಮೇಲೆ ಕೆಳಗಿನ ಚೀಟಿ ಓದಿದಳು. ಕಲಾವಿದರು: ಅಜ್ಞಾತ. ರಂಗೋಲಿಯನ್ನು ಮೆಚ್ಚಿ ನೋಡುತ್ತಿರುವ ನಾಗರಿಕರು. “ಅಜ್ಞಾತ ಅಂತ. ನಮ್ಮ ಅಕ್ಕೋರು ಯಾವಾಗ ಅಜ್ಞಾತ ಆದ್ರು?”

ಅವಳಿಗೆ ಆ ಫೋಟೋದ ಬೆಳಗಿನ ಕಥೆ ಗೊತ್ತಿರಲಿಲ್ಲ. ಐದು ವರ್ಷ ನಾನು ಹೇಳಿರಲಿಲ್ಲ.

ಅಕ್ಕೋರು ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಇದ್ದವರು. ಮೂಲ ಧಾರವಾಡದ ಕಡೆಯವರು. ಇಲ್ಲಿಯ ಮರಾಠಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರು. ನಮ್ಮ ಕಡೆ ಶಾಲೆಯ ಹೆಣ್ಣುಮಕ್ಕಳಿಗೆ, ಅಂದರೆ ಕಲಿಸುವವರಿಗೆ, ಅಕ್ಕೋರು ಅನ್ನುವ ರೂಢಿ. ನಾನು ಹಾಗೆ ಕರೆದೆ, ಬಿಲ್ಡಿಂಗಿನ ಮರಾಠಿ ಮಂದಿಯೂ ಅದು ಅವರ ಹೆಸರೇ ಇರಬೇಕೆಂದು ‘ಅಕ್ಕೋರಬಾಯಿ’ ಮಾಡಿದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, “ನೋಡ್ಲಿಕ್ಕೆ ಬಂದಾವರದು ಎಲ್ಲಾರದೂ ಚಿತ್ರಾ ಬರದು ಕೊಟ್ಟೆ, ತಿರುಗಿ ಬರಲಿಲ್ಲ,” ಎನ್ನುತ್ತಿದ್ದರು. ಸಣ್ಣ ಆಳು, ಬಿಳಿ ಕೂದಲಿನ ಗಂಟು, ಮೂಗಿನ ತುದಿಗೆ ಕನ್ನಡಕ. ನಗುವಾಗ ಕನ್ನಡಕದ ಮೇಲಿಂದ ನೋಡುತ್ತಿದ್ದರು, ಎದುರಿನವರೂ ನಗುತ್ತಿದ್ದಾರೋ ಇಲ್ಲವೋ ಎಂದು ಹಾಜರಿ ಹಾಕುವವರಂತೆ.

ದಿನಾ ಬೆಳಿಗ್ಗೆ ಹಾಲು ತರುವ ಮುಂಚೆ, ಗೇಟಿನ ಹೊರಗೆ ರಸ್ತೆಯ ಅಂಚಿನಲ್ಲಿ ಒಂದು ಮಣೆ ಇಟ್ಟುಕೊಂಡು ಕೂತುಬಿಡುವರು. ಚುಕ್ಕಿ ಇಡುತ್ತಿರಲಿಲ್ಲ. “ಚುಕ್ಕಿ ಅಂದ್ರ ಮೊದಲ ಅಂಜಿಕೊಂಡು ಗೂಟಾ ಹೊಡದಂಗ,” ಎನ್ನುವರು. ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಪುಡಿ ಬೀಳುತ್ತ ಹೋದ ಹಾಗೆ ಒಂದೇ ಗೆರೆಯಲ್ಲಿ ಮನುಷ್ಯನ ಮೂಗು, ಮೀಸೆ, ಹೊಟ್ಟೆ ಮೂಡಿಬಿಡುತ್ತಿತ್ತು. ನಮ್ಮ ಬೀದಿಯ ಮಧ್ಯದಲ್ಲಿ ಎರಡು ಮಳೆಗಾಲ ಕಂಡ ಒಂದು ಗುಂಡಿಯಿತ್ತು. ಅದರ ಸುತ್ತ ಮಂಟಪದಂಥ ರಂಗೋಲಿ ಹಾಕಿ, ಅರಿಶಿಣ ಕುಂಕುಮ ಏರಿಸಿ, ಮದುವೆಯ ಕಾರ್ಡಿನ ತಲೆಬರಹದ ಹಾಗೆ ‘ಶ್ರೀ ಖಡ್ಡಾ ಪ್ರಸನ್ನ’ ಎಂದು ಬರೆದಿದ್ದರು. ಗುಂಡಿ ಪ್ರಸನ್ನವಾಯಿತೋ ಇಲ್ಲವೋ, ರಿಕ್ಷಾದವರು ಮಾತ್ರ ಅವತ್ತು ಅದಕ್ಕೆ ಪ್ರದಕ್ಷಿಣೆ ಹಾಕಿ ಹೋದರು. ಮೂರು ದಿನ ನೀರು ಬಾರದಿದ್ದಾಗ ನಲ್ಲಿಯ ಬಾಯಲ್ಲಿ ಬಲೆ ನೇಯ್ದು ಸುಖವಾಗಿ ಸಂಸಾರ ಹೂಡಿದ ಜೇಡನ ಕುಟುಂಬ ಬರೆದರು.

ಹತ್ತು ಗಂಟೆಯೊಳಗೆ ಟೈರುಗಳು ಎಲ್ಲವನ್ನೂ ತಿಂದುಹಾಕುತ್ತಿದ್ದವು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. “ಅಕ್ಕೋರ, ಒಂದು ಫೋಟೋ ಆದ್ರೂ ತಗೀಲೇನ್ರಿ?” ಅಂದರೆ ಬೇಡವೆನ್ನುವರು. “ಪಾಟಿ ಮ್ಯಾಲ ಬರದದ್ದು ಒರಸೂದಕ್ಕನ ಇರತದ, ತಮ್ಮಾ. ಒರಸಲಿಲ್ಲಂದ್ರ ನಾಳಿ ಎಲ್ಲೆ ಬರೀಲಿ?” ಎದುರಿನ ಕೋಚಿಂಗ್ ಕ್ಲಾಸಿನ ಕಿಟಕಿಯಿಂದ ಯಾರೋ ಕೇಳದೆಯೇ ತೆಗೆಯುತ್ತಿದ್ದರು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನನ್ನೂ ಒಮ್ಮೆ ಬರೆದಿದ್ದಾರೆ. ಏಳು ಬೀಗ ಜಡಿದ ಒಂದು ಸ್ಕೂಟರು, ಎಂಟನೆಯ ಬೀಗ ಹಿಡಿದು ತಿರುಗಿ ಬರುತ್ತಿರುವ ಒಬ್ಬ ಗಂಡಸು. ಹೆಸರು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಬಿಲ್ಡಿಂಗಿನವರೆಲ್ಲ ನಿಂತು ನಕ್ಕರು, ನಾನೂ ನಕ್ಕೆ. ನಕ್ಕು ಕಚೇರಿಗೆ ಹೋಗಿ ಇಡೀ ದಿನ ಮುಖ ಊದಿಸಿಕೊಂಡು ಕೂತಿದ್ದೆ. ಮುಂದೆ ನಾನು ಮಾಡಿದ್ದರಲ್ಲಿ ಆ ಊದಿದ ಮುಖದ ಪಾಲು ಎಷ್ಟು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸ್ವಲ್ಪವೂ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಅವರಿಗೆ ನನ್ನಿಂದ ಸಿಗುತ್ತಿದ್ದ ದೊಡ್ಡ ಮೋಜು ನನ್ನ ಮರಾಠಿ. ಕನ್ನಡದಲ್ಲಿ ‘ನಮ್ಮ’ ಅಂದರೆ ಮುಗಿಯಿತು. ಎದುರು ನಿಂತವನು ಅದರೊಳಗೆ ಇದ್ದಾನೋ ಹೊರಗಿದ್ದಾನೋ ಎಂದು ಅದು ವಿಚಾರಿಸುವುದಿಲ್ಲ. ಮರಾಠಿ ವಿಚಾರಿಸುತ್ತದೆ. ಎದುರಿನವನನ್ನು ಹೊರಗಿಟ್ಟು ‘ನಮ್ಮ’ ಅನ್ನುವುದಕ್ಕೆ ‘ಆಮಚಾ’ ಎಂಬ ಒಂದು ಶಬ್ದ, ಅವನನ್ನು ಒಳಗೆ ಸೇರಿಸಿಕೊಂಡು ಅನ್ನುವುದಕ್ಕೆ ‘ಆಪಲಾ’ ಎಂಬ ಇನ್ನೊಂದು. ಇಪ್ಪತ್ತು ವರ್ಷ ಪುಣೆಯಲ್ಲಿದ್ದರೂ ಅವಸರದಲ್ಲಿ ನನ್ನ ಬಾಯಿಗೆ ತಪ್ಪಾದದ್ದೇ ಬರುತ್ತಿತ್ತು. ಒಮ್ಮೆ ಹೆಂಡತಿಗೆ ಜ್ವರ ಬಂದಾಗ ಸಾಹೇಬರ ಹತ್ತಿರ ರಜೆ ಕೇಳಲು ಹೋಗಿ, ‘ನಮ್ಮ ಮನೆಯವರಿಗೆ ಆರಾಮಿಲ್ಲ’ ಎಂಬುದನ್ನು ಮನಸ್ಸಿನಲ್ಲೇ ಅನುವಾದಿಸಿ, “ಆಪಲೀ ಬಾಯಕೋ ಆಜಾರೀ ಆಹೇ,” ಅಂದುಬಿಟ್ಟೆ. ಅಂದರೆ ನಮ್ಮಿಬ್ಬರ ಹೆಂಡತಿಗೆ.

ಇದನ್ನು ಕೇಳಿದ ಅಕ್ಕೋರು ಮೆಟ್ಟಿಲ ಮೇಲೆ ಕೂತೇಬಿಟ್ಟರು. “ಸಾಹೇಬ್ರು ರಜಾ ಕೊಟ್ರೇನು?”

“ಕೊಟ್ರರಿ.”

“ಕೊಡದ ಏನ್ ಮಾಡ್ಯಾರು ಪಾಪ. ಅವರಿಗೂ ಕಾಳಜಿ ಇರತದಲ್ಲ.”

ಆಮೇಲೆ ಸಿಕ್ಕಾಗಲೆಲ್ಲ ಪರೀಕ್ಷೆ. ಈ ಜಿನಾ, ಅಂದರೆ ಮೆಟ್ಟಿಲು, ಯಾರದು? ಆಪಲಾ. ನಿನ್ನ ಚಪ್ಪಲಿ? ಆಮಚೀ. ಐದಕ್ಕೆ ಎರಡು, ಐದಕ್ಕೆ ಮೂರು, ಹೀಗೆ ಮಾರ್ಕ್ಸು. ಅವರಿಗೆ ಇದೆಲ್ಲ ತಮಾಷೆ. ನನಗೆ ಅಲ್ಲ. ನನ್ನ ಉಚ್ಚಾರ ಕೇಳಿದ ಕೂಡಲೆ ಅಂಗಡಿಯವರು ದಕ್ಷಿಣದವರನ್ನೆಲ್ಲ ಕರೆಯುವ ಹಾಗೆ ‘ಅಣ್ಣಾ’ ಅನ್ನುವುದು, ದೋಸೆಯ ಹಿಟ್ಟಿಗೆ ಎಷ್ಟು ಉದ್ದು ಹಾಕಬೇಕೆಂದು ವಿಚಾರಿಸುವುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಉದ್ದಿನ ಅಳತೆ ನನಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಅಕ್ಕೋರು ತಾವೂ ಈ ಅಣ್ಣನ ಕಡೆಯವರೇ ಎಂದು ತಾವಾಗಿಯೇ ಹೇಳಿಕೊಳ್ಳುತ್ತಿದ್ದರು. ನಾನು ಹಾಗೆ ಹೇಳುವ ಮೊದಲು ಅತ್ತಿತ್ತ ನೋಡುತ್ತಿದ್ದೆ.

ಆ ಬೆಳಗಿನ ವಿಷಯಕ್ಕೆ ಬರುತ್ತೇನೆ. ಎಷ್ಟು ಸುತ್ತಿ ಬಂದರೂ ಬರಲೇಬೇಕು.

ನಮ್ಮ ಗೇಟಿನ ಎದುರು ಒಂದು ಬೇವಿನ ಮರ. ಪೇಠೆಯ ಭಾವೀ ನಗರಸೇವಕರೊಬ್ಬರ, ಅಂದರೆ ಮುಂದೆ ಕಾರ್ಪೊರೇಟರ್ ಆಗಲಿರುವವರ, ಹುಟ್ಟುಹಬ್ಬಕ್ಕೆ ಅವರ ಕಡೆಯವರು ಅಲ್ಲಿ ಎರಡು ಮಹಡಿ ಎತ್ತರದ ಫ್ಲೆಕ್ಸ್ ಕಟ್ಟಿದರು. ಮರ ಅಡ್ಡ ಬರುತ್ತದೆಂದು ಹಿಂದಿನ ಸಂಜೆ ಅದರ ಕೊಂಬೆಗಳನ್ನು ಕಡಿದು ಹಾಕಿದ್ದರು. ಭಾವೀ ಅನ್ನುವುದು ಇಲ್ಲಿಯ ಒಂದು ಪದವಿ. ಅದಕ್ಕೆ ಚುನಾವಣೆ ಇಲ್ಲ, ಅವಧಿಯೂ ಇಲ್ಲ.

ಬೆಳಿಗ್ಗೆ ಏಳಕ್ಕೆ ನಾನು ಕೆಳಗಿಳಿದಾಗ ರಂಗೋಲಿ ತಯಾರಾಗಿತ್ತು. ಆನೆಯಷ್ಟು ದೊಡ್ಡ ಫ್ಲೆಕ್ಸ್. ಅದರಲ್ಲಿ ಮುಖವಿಲ್ಲ, ಬರೀ ಗಾಗಲ್ಲು ಮತ್ತು ಮೀಸೆ. ಪಕ್ಕದಲ್ಲಿ ಬೋಳು ಮರ. ಕೆಳಗೆ, ಫ್ಲೆಕ್ಸಿನಲ್ಲಿ ಶುಭ ಕೋರುವವರ ಸಾಲು ಸಾಲು ಫೋಟೋಗಳಿರುವ ಜಾಗದಲ್ಲಿ, ಕಡಿದ ಕೊಂಬೆಗಳು ಸಾಲಾಗಿ ಮಲಗಿದ್ದವು. ತಲೆಬರಹ: ಶುಭೇಚ್ಛುಕ. ಅಕ್ಕೋರು ಅಲ್ಲಿರಲಿಲ್ಲ, ಹಾಲಿಗೆ ಹೋಗಿದ್ದರು.

ನಗು ಬಂತು. ನಗು ಮುಗಿಯುವ ಮೊದಲೇ ಬೆವರು ಬಂತು, ಯಾಕೆಂದರೆ ಆ ವರ್ಷ ಸೊಸಾಯಟಿಯ ಸೆಕ್ರೆಟರಿ ನಾನು. ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಇಬ್ಬರು ಇಳಿದರು. ಅವರು ಬೈದಿದ್ದರೆ, ಕೈ ಎತ್ತಿದ್ದರೆ ನನಗೆ ಇವತ್ತು ಒಂದು ನೆಪವಾದರೂ ಇರುತ್ತಿತ್ತು. ಅದರಲ್ಲಿ ಒಬ್ಬ ಹೆಲ್ಮೆಟ್ ತೆಗೆದು, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ ಕೇಳಿದ: “ಕಾಕಾ, ಇದನ್ನು ಯಾರು ಬಿಡಿಸಿದ್ದು?”

ಗೊತ್ತಿಲ್ಲ ಅನ್ನಬಹುದಿತ್ತು. ನೋಡ್ತೇನೆ, ವಿಚಾರಿಸ್ತೇನೆ ಅನ್ನಬಹುದಿತ್ತು. ವಿಮಾ ಕಚೇರಿಯಲ್ಲಿ ದಿನಕ್ಕೆ ಇಪ್ಪತ್ತು ಜನಕ್ಕೆ ಅನ್ನುತ್ತೇನೆ. ಅವನು ಎರಡನೆಯ ಸಲ ಕೇಳಲೂ ಇಲ್ಲ. ನನ್ನ ಕೈ ತಾನಾಗಿ ಮೇಲೆದ್ದು ಮೂರನೆಯ ಮಹಡಿ ತೋರಿಸಿತು. ಬಾಯಿ ಅವರ ಪೂರ್ತಿ ಹೆಸರು, ಅಡ್ಡಹೆಸರು ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. “ಕರ್ನಾಟಕದವರು. ತ್ಯಾ ಆಪಲ್ಯಾತಲ್ಯಾ ನಾಹೀತ.”

ಅವರು ನಮ್ಮವರಲ್ಲ. ನಮ್ಮ ಅಂದರೆ ನನ್ನ ಮತ್ತು ನಿಮ್ಮ, ಈ ಸ್ಕೂಟರಿನಿಂದ ಇಳಿದವರ. ಇಪ್ಪತ್ತು ವರ್ಷ ತಪ್ಪಿದ ಶಬ್ದ ಅವತ್ತು ತಪ್ಪಲಿಲ್ಲ.

ಹೇಳಿದವನೇ, ಹಿಂದೆ ಮುಂದೆ ನೋಡದೆ, ಟಾಕಿಯಲ್ಲಿ ನೀರು ನೋಡಬೇಕೆಂದು ಟೆರೇಸಿಗೆ ಓಡಿದೆ. ಟಾಕಿ ತುಂಬಿತ್ತು. ಆದರೂ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಕೆಳಗೆ ನೀರು ಚೆಲ್ಲಿದ ಸದ್ದು ಕೇಳಿತು. ಬಗ್ಗಿ ನೋಡಿದೆ. ಅಕ್ಕೋರು ಸೆರಗು ಸಿಕ್ಕಿಸಿಕೊಂಡು, ಬಕೆಟ್ಟಿನ ನೀರು ಹೊಯ್ದು, ಕಸಬರಿಗೆಯಿಂದ ರಂಗೋಲಿ ತೊಳೆಯುತ್ತಿದ್ದರು. ಆ ಇಬ್ಬರು ಕೈಕಟ್ಟಿಕೊಂಡು ನಿಂತಿದ್ದರು. ಒಬ್ಬ, ಸಾಕು ಆಜಿ, ಆಯಿತು, ಅಂದ. ಅಕ್ಕೋರ ದನಿ ಮೇಲಿನತನಕ ಬಂತು, ಮರಾಠಿಯಲ್ಲಿ: “ಮೂಲೆಯಲ್ಲಿ ಅರ್ಧ ಮೀಸೆ ಉಳಿದಿದೆ. ನಿಲ್ಲು. ಅರ್ಧಂಬರ್ಧ ಕೆಲಸ ನನ್ನ ಕ್ಲಾಸಿನಲ್ಲಿ ನಡೆಯುವುದಿಲ್ಲ.”

ಮರುದಿನ ಮೆಟ್ಟಿಲ ಮೇಲೆ ಎದುರಾದರು. ನಾನು ಕೆಳಗೆ ನೋಡುತ್ತ ಗೋಡೆಗೆ ಸರಿದೆ. ಅವರು ನಿಂತರು.

“ತಮ್ಮಾ, ನಿನ್ನಿ ಭಾಳ ಛಲೋ ಮರಾಠಿ ಮಾತಾಡಿದಿ. ‘ಆಪಲ್ಯಾ’ ಎಲ್ಲೆ ಹಚ್ಚಬೇಕೋ ಅಲ್ಲೇ ಹಚ್ಚಿದಿ. ಹತ್ತಕ್ಕ ಹತ್ತು.”

ಕನ್ನಡಕದ ಮೇಲಿಂದ ನೋಡಿದರು. ನಗಲಿಲ್ಲ. ಆಮೇಲೆ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ, ಪರೀಕ್ಷೆಯನ್ನೂ ಮಾಡಲಿಲ್ಲ. ಆ ಇಬ್ಬರೇ ನನ್ನ ಮಾತನ್ನು ಅವರಿಗೆ ಮುಟ್ಟಿಸಿರಬೇಕು ಎಂದುಕೊಂಡೆ.

ರಂಗೋಲಿ ನಿಂತುಹೋಯಿತು. ಗೇಟಿನ ಮುಂದೆ ಬರೀ ಟಾರು. ನಾಲ್ಕು ದಿನ ನೋಡಿದ ಹೆಂಡತಿ ಕೇಳಿದಳು, “ಅಕ್ಕೋರು ಯಾಕ ಬರೀವಲ್ರು?” ನಾನು, “ಮೊಣಕಾಲು ನೂಸ್ತಾವಂತ,” ಅಂದೆ. ಸುಳ್ಳು ಹೇಳಿ ಸುಮ್ಮನಿದ್ದೆನಲ್ಲ, ಇವಳು ಸುಮ್ಮನಿರಬೇಕೇ? ಬೆಳಗಾವಿಯ ತವರಿನಿಂದ ತರಿಸಿದ ಒಂದು ನೋವಿನ ಎಣ್ಣೆ ಹಿಡಿದು ಮೂರನೆಯ ಮಹಡಿಗೆ ಹೊರಟಳು. ನಾನು ಮನೆಯಲ್ಲಿ ಕೂತು ಗಡಿಯಾರ ನೋಡಿದೆ. ಅರ್ಧ ತಾಸಿಗೆ ತಿರುಗಿ ಬಂದಳು.

“ಪಾಪ, ಭಾಳ ತ್ರಾಸ ಅದಂತ. ಕೂತರ ಏಳ್ಲಿಕ್ಕೆ ಆಗೂದಿಲ್ಲಂತ. ನಿನ್ನ ಗಂಡಗ ಹೆಂಗ ಗೊತ್ತಾತು ಅಂತ ಕೇಳಿದ್ರು.”

“ನೀ ಏನಂದಿ?”

“ಅವರಿಗೆ ಎಲ್ಲಾರ ಚಿಂತಿ ಇರತದ ಅಂದೆ. ಹೌದವಾ, ಭಾಳ ಚಿಂತಿ ಮನಷ್ಯಾ, ಅಂದ್ರು. ಎಣ್ಣಿ ಇಟ್ಟುಕೊಂಡ್ರು.”

ನನ್ನ ಸುಳ್ಳನ್ನು ಅವರು ತಮ್ಮ ಮೊಣಕಾಲಿಗೆ ಹಚ್ಚಿಕೊಂಡರು. ಎರಡು ವರ್ಷ, ಹೆಂಡತಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕಟಕಟೆ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದರು. ಒಬ್ಬರೇ ಇದ್ದಾಗ ಚುರುಕಾಗಿ ಹತ್ತುವುದನ್ನು ನಾನು ನೋಡಿದ್ದೇನೆ.

ಆಮೇಲೆ ಇಂದಾಪುರದಲ್ಲಿದ್ದ ತಂಗಿಯ ಮನೆಗೆ ಹೋದರು. ಒಮ್ಮೆ, ಹೋಗಿ ಮಾತಾಡಿಬಿಡಬೇಕೆಂದು ಸ್ವಾರಗೇಟ್ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಏನು ಹೇಳಬೇಕೆಂದು ಯೋಚಿಸುತ್ತ ಒಂದು ಬಸ್ಸು ಬಿಟ್ಟೆ. ಹೇಗೆ ಶುರು ಮಾಡಬೇಕೆಂದು ಯೋಚಿಸುತ್ತ ಇನ್ನೊಂದು ಬಿಟ್ಟೆ. ಮನೆಗೆ ಬಂದು, ಬಸ್ಸಿನಲ್ಲಿ ಜಾಗ ಇರಲಿಲ್ಲ ಅಂದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಹೆಂಡತಿ ಅತ್ತಳು. ನನಗೆ ಮೊದಲು ಆದದ್ದು ಒಂದು ನಿರಾಳ. ಅದನ್ನು ಬರೆಯದೆ ಇದ್ದರೆ ಇದೂ ಇನ್ನೊಂದು ಮೊಣಕಾಲಿನ ಕಥೆಯಾಗುತ್ತದೆ.

ಪ್ರದರ್ಶನದಲ್ಲಿ, ಆ ನಾಲ್ಕನೆಯ ಫೋಟೋದ ಮುಂದೆ ನಿಂತಾಗ, ನಾನು ನನ್ನ ಬೋಳುತಲೆಯನ್ನೇ ನೋಡುತ್ತಿದ್ದೆ. ಹೆಂಡತಿ ಬೇರೆಲ್ಲೋ ನೋಡುತ್ತಿದ್ದಳು.

“ಇವರು ಅಕ್ಕೋರ ಅಲ್ಲೇನ್ರಿ? ನಿಮ್ಮ ಹಿಂದ.”

ಚಿತ್ರದ ಎಡ ಅಂಚಿನಲ್ಲಿ ಒಂದು ಬಿಳಿ ಗಂಟು, ಒಂದು ಹಾಲಿನ ಚೀಲ. ನನ್ನಿಂದ ನಾಲ್ಕು ಹೆಜ್ಜೆ, ಹೆಚ್ಚಲ್ಲ. ಚೀಲ ಹಿಡಿಯದ ಕೈ ಸ್ವಲ್ಪ ಮೇಲೆ ಎದ್ದಿತ್ತು, ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದವರು ಎತ್ತುವ ಹಾಗೆ. ಯಾರೂ ಅವರಿಗೆ ಏನೂ ಮುಟ್ಟಿಸಿರಲಿಲ್ಲ. ಅವರು ಅಲ್ಲೇ ಇದ್ದರು. ನಾನು ಒಂದು ಉಸಿರಿನಷ್ಟು ಸುಮ್ಮನಿದ್ದಿದ್ದರೆ, ನಾನೇ ಬಿಡಿಸಿದ್ದು ಎಂದು ಅವರೇ ಹೇಳುತ್ತಿದ್ದರು.

ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹುಡುಗಿ ನಾವು ಬಹಳ ಹೊತ್ತು ನಿಂತದ್ದನ್ನು ಕಂಡು ಹತ್ತಿರ ಬಂದಳು. ಮರಾಠಿಯಲ್ಲಿ ಕೇಳಿದಳು, “ಕಾಕೂ, ಇವರನ್ನು ಬಲ್ಲಿರಾ? ಈ ಕಲಾವಿದರು ಯಾರೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ.”

ಹೆಂಡತಿ ನನ್ನ ಕಡೆ ನೋಡಿದಳು. ನಾನು ಹೆಸರು ಹೇಳಿದೆ. ಊರು, ಶಾಲೆ, ಚಿತ್ರದ ಅಂಚಿನಲ್ಲಿ ಚೀಲ ಹಿಡಿದು ನಿಂತವರೇ ಅವರು ಎಂದು ಎಲ್ಲ ಹೇಳಿದೆ. ಹುಡುಗಿಯ ಕಣ್ಣುಗಳು ದೊಡ್ಡವಾದವು. ಒಂದು ಬಿಳಿ ಕಾರ್ಡು ತಂದು ಬರೆದುಕೊಂಡಳು. ಆಮೇಲೆ ಕೇಳಿದಳು, “ಇವರು ನೀವಲ್ಲವೇ, ಕಾಕಾ? ಬೆರಳು ಎತ್ತಿ ಏನು ತೋರಿಸುತ್ತಿದ್ದೀರಿ?”

“ಅವರ ಮನೆ,” ಅಂದೆ. “ಇವರಿಬ್ಬರು ಯಾರು ಬಿಡಿಸಿದ್ದೆಂದು ಕೇಳಿದರು. ಮನೆ ತೋರಿಸಿದೆ.”

“ಎಷ್ಟು ಛಂದ,” ಅಂದಳು ಹುಡುಗಿ. “ಹೋಗಿ ಅಭಿನಂದಿಸಿದರೇ?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಹೂಂ ಅಂದರೆ ಸಾಕಿತ್ತು, ತಲೆ ಆಡಿಸಿದರೂ ಸಾಕಿತ್ತು. ನನ್ನ ಕುತ್ತಿಗೆ ಅದಕ್ಕೆ ತಯಾರೂ ಆಗಿತ್ತು. ಐದು ವರ್ಷ ಎಣ್ಣೆಯ ಬಾಟಲಿ ನೆನೆಸಿಕೊಂಡ ಕುತ್ತಿಗೆ ಯಾಕೋ ಆಡಲಿಲ್ಲ.

“ಇಲ್ಲ,” ಅಂದೆ. “ಅವರ ಕೈಯಿಂದಲೇ ತೊಳೆಸಿದರು. ಅವರು ನಮ್ಮವರಲ್ಲ ಎಂದು ನಾನು ಹೇಳಿದ್ದೆ. ಅದಾದ ಮೇಲೆ ಅವರು ಬರೆಯಲಿಲ್ಲ.”

ಮರಾಠಿಯಲ್ಲೇ ಹೇಳಿದೆ. ಅವತ್ತಿನ ಶಬ್ದವನ್ನೇ, ಹೇಗಿತ್ತೋ ಹಾಗೆ. ಹುಡುಗಿಯ ಪೆನ್ನು ನಿಂತಿತು. ನಾನು ಹೆಂಡತಿಯ ಮುಖ ನೋಡಲಿಲ್ಲ. ಅವಳ ಚಪ್ಪಲಿ ನೋಡಿದೆ. ಅವು ಅಲ್ಲಾಡಲಿಲ್ಲ.

“ಮೊಣಕಾಲು?” ಅಂದಳು, ಕನ್ನಡದಲ್ಲಿ.

“ನೂಸ್ತಿದ್ದಿಲ್ಲ.”

“ಅವರಿಗೆ ಗೊತ್ತಿತ್ತು. ನನ್ನ ಎಣ್ಣಿ ಇಟ್ಟುಕೊಂಡ್ರು.”

“ಹೌದು.”

ಹುಡುಗಿ ಗೋಡೆಯ ಚೀಟಿಯಲ್ಲಿ ‘ಅಜ್ಞಾತ’ ಹೊಡೆದುಹಾಕಿ ಅಕ್ಕೋರ ಹೆಸರು ಬರೆದಳು. ‘ಮೆಚ್ಚಿ ನೋಡುತ್ತಿರುವ ನಾಗರಿಕರು’ ಎಂಬುದನ್ನೂ ಹೊಡೆದಳು. ಅಲ್ಲಿ ಏನು ಹಾಕಬೇಕೆಂದು ಅವಳಿಗೆ ತಿಳಿಯಲಿಲ್ಲ. ನಮ್ಮ ಹಿಂದೆ ನಾಲ್ಕಾರು ಜನ ಬಂದು ನಿಂತಿದ್ದರು. ನಾನು ಪೆನ್ನು ಕೇಳಿ ಇಸಿದುಕೊಂಡು ಬರೆದೆ: ಕಲಾವಿದೆಯ ಮನೆ ತೋರಿಸುತ್ತಿರುವ ನೆರೆಯವ.

ಪೆನ್ನು ತಿರುಗಿ ಕೊಡಲು ಹೋದೆ. ಹೆಂಡತಿ ಕೈ ಅಡ್ಡ ಹಿಡಿದಳು.

“ಹೆಸರು ಬರೀರಿ.”

“ಬರದದ ಅಲ್ಲ, ಮ್ಯಾಲ.”

“ಅವರದಲ್ಲ,” ಅಂದಳು. “ನಿಮ್ಮದು.”

ಚೀಟಿಯ ಕೆಳಗೆ ಜಾಗ ಧಾರಾಳವಾಗಿತ್ತು.